ಕ್ಯಾಂಪರ್ ವ್ಯಾನಿನ ಕೊಳೆ ನೀರು ಎಲ್ಲಿಗೆ?

ಒಳಗೇ ಅಡುಗೆ ಮಾಡಿ ಮಲಗಬಹುದಾದ ಕ್ಯಾಂಪರ್ ವ್ಯಾನನ್ನು ಘಟ್ಟದಲ್ಲಿ ಚಂದ ಕಂಡಲ್ಲಿ ನಿಲ್ಲಿಸಿ ರಾತ್ರಿ ಕಳೆಯಿರಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಓದಿ ಖುಷಿಯಾಯ್ತು, ಆದರೆ ಈ ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ಕಳೆದ ಡಿಸೆಂಬರಲ್ಲಿ ನಾವು ಐದು ಜನ ಬಾಡಿಗೆ ವ್ಯಾನಿನಲ್ಲಿ ಉಡುಪಿಯಿಂದ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಹತ್ತಿದ್ದೆವು. 14 ತಿರುವು. ಭಾವ ಫಸ್ಟ್ ಗೇರಿನಲ್ಲೇ ತಿರುಗಿಸಿದ್ದು. ಎದುರು ಮಿನಿ ಬಸ್ ಬಂದಾಗ ಹಿಂದೆ ಹೋಗಿ ದಾರಿ ಬಿಟ್ಟದ್ದೂ ಉಂಟು. ಇಂಥ ರಸ್ತೆಯ ಬದಿಯಲ್ಲಿ ಗಾಡಿ ನಿಲ್ಲಿಸಿ ಮಲಗುವುದೆಂದರೇನು? ಅದೂ ಸಿಂಗಳೀಕಗಳಿರುವ ಸೋಮೇಶ್ವರ ವನ್ಯಜೀವಿ ಧಾಮದ ಕಾಡು ಮಾರಾಯ್ರೆ.

ನೀವು ಬರೆಯದ ಇನ್ನೊಂದು ವಿಷಯ ಉಂಟು. ವ್ಯಾನಿನ ಸಿಂಕಿನ ಕೆಳಗಿನ ಕೊಳೆ ನೀರಿನ ಟ್ಯಾಂಕ್ ಎರಡನೇ ದಿನವೇ ತುಂಬಿತು. ಪಾತ್ರೆ ತೊಳೆದ ನೀರು, ಸೋಪಿನ ನೊರೆ, ಮೇಲೆ ತೇಲುವ ಮೀನುಸಾರಿನ ಎಣ್ಣೆ. ವ್ಯಾನ್ ಕೊಟ್ಟವರಿಗೆ ಫೋನ್ ಮಾಡಿದರೆ "ಎಲ್ಲಾದರೂ ಹಳ್ಳಕ್ಕೆ ಬಿಡಿ" ಅಂದರು. ನನಗೆ ಹೊಟ್ಟೆ ಉರಿದುಹೋಯ್ತು. ಆ ಬದಿಯ ಹಳ್ಳಗಳು ಇಳಿಯುವುದು ಸೀತಾನದಿಗೆ. ನನ್ನ ಅಜ್ಜಿಮನೆ ಬಾರಕೂರು. ಅದೇ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತು ಬೆಳೆದವಳು ನಾನು.

ಕಡೆಗೆ ಆಗುಂಬೆ ಹತ್ತಿರದ ಒಂದು ಮನೆಯಲ್ಲಿ ಕೇಳಿದೆವು. ಆ ಅಮ್ಮ ಅಂಗಳದಲ್ಲೇ ವ್ಯಾನ್ ನಿಲ್ಲಿಸಲು ಬಿಟ್ಟು, ಹಿತ್ತಿಲ ಬಚ್ಚಲ ಗುಂಡಿ ತೋರಿಸಿ "ಇಲ್ಲಿ ಹೊಯ್ಯಿ ಮಗಾ, ಬಾಳೆಬುಡಕ್ಕೆ ಹೋಗ್ತದೆ" ಅಂದರು. ನಾಲ್ಕು ಬಕೆಟ್ ಹೊತ್ತು ಹಾಕಿದೆವು. ಹೀಗೆ ಜಾಗ ಕೊಡುವ ಮನೆಗಳು ಎಲ್ಲೆಲ್ಲಿವೆ ಎಂದು ಮುಂದಿನ ಲೇಖನದಲ್ಲಿ ದಯವಿಟ್ಟು ಬರೆಯಿರಿ.