ಗಾಂಧಾರದಲ್ಲಿ ನವಣೆ ಹೊಟ್ಟು

ಶನಿವಾರ ಸಂಜೆ ಹಾರ್ಮೋನಿಯಂ ಎಳೆದುಕೊಂಡು ಕೂತು, ತಿದಿ ಒತ್ತಿ, ಸ ಆಯ್ತು, ರಿ ಆಯ್ತು, ಗಾಂಧಾರಕ್ಕೆ ಬೆರಳಿಟ್ಟರೆ ಬರೀ ಉಸ್ಸೆಂಬ ಗಾಳಿ. ಇಂಥ ಹೊತ್ತಲ್ಲಿ ಪೇಟಿ ಮಾರಿದವನನ್ನು ಬೈಯುವುದು ವಾಡಿಕೆ. ಬೈಯುವ ಮೊದಲು ಒಮ್ಮೆ ತಲೆಯೆತ್ತಿ ನೋಡಬೇಕು, ಮೇಲೆ ಹಕ್ಕಿ ಪಂಜರವೇನಾದರೂ ತೂಗುತ್ತಿದೆಯೇ ಅಂತ. ತೂಗುತ್ತಿದ್ದರೆ ಕಳ್ಳ ಸಿಕ್ಕಂತೆಯೇ. ನವಣೆ ಹೊಟ್ಟು.

ಲವ್ ಬರ್ಡ್ಸ್ ಅಂತ ದಾವಣಗೆರೆಯಲ್ಲಿ ಜೋಡಿ ಲೆಕ್ಕದಲ್ಲಿ ಮಾರುವ ಆ ಪುಟ್ಟ ಹಕ್ಕಿ ಬಜ್ರಿಗರ್, ಆಸ್ಟ್ರೇಲಿಯಾದ್ದು. ಅಲ್ಲಿನ ಹುಲ್ಲಿನ ಬೀಜ ತಿಂದು ಬೆಳೆದ ವಂಶಕ್ಕೆ ಚಿತ್ರದುರ್ಗ ಸೀಮೆಯ ನವಣೆ ಬಲು ಇಷ್ಟ. ತಿನ್ನುವ ರೀತಿ ಮಾತ್ರ ತೀರಾ ಅನಾಗರಿಕ. ಕಾಳನ್ನು ಕೊಕ್ಕಿನಲ್ಲೇ ಸುಲಿದು, ತಿರುಳು ನುಂಗಿ, ಹೊಟ್ಟನ್ನು ಅದೇ ಬಟ್ಟಲಿಗೆ ಉಗಿಯುತ್ತದೆ. ಸಂಜೆ ನೋಡಿದರೆ ಬಟ್ಟಲು ತುಂಬಿಯೇ ಇರುತ್ತದೆ, ಒಳಗೆ ಒಂದು ಕಾಳೂ ಇರುವುದಿಲ್ಲ. ‘ತಿಂದೇ ಇಲ್ಲವಲ್ಲ’ ಅಂದುಕೊಂಡು ಕಾಳು ಹಾಕದೆ ಹಕ್ಕಿಯನ್ನು ಉಪವಾಸ ಕೆಡವುವ ಮನೆಗಳುಂಟು. ದಿನಾ ಬೆಳಿಗ್ಗೆ ಬಟ್ಟಲನ್ನು ಅಂಗಳಕ್ಕೊಯ್ದು ಊದಿ, ಹಕ್ಕಿಯೊಂದಕ್ಕೆ ಎರಡು ಟೀ ಚಮಚದ ಲೆಕ್ಕದಲ್ಲಿ ಹೊಸ ಕಾಳು ಹಾಕಬೇಕು. ಹೊಟ್ಟಿನ ಕಾಟವೇ ಬೇಡವೆಂದು ನವಣಕ್ಕಿ ಹಾಕುವ ಜಾಣರೂ ಇದ್ದಾರೆ. ಸುಲಿದ ಅಕ್ಕಿ ಬೇಗ ಮುಗ್ಗುತ್ತದೆ. ಅದೂ ಅಲ್ಲದೆ, ಸುಲಿಯುವುದು ಬಿಟ್ಟರೆ ಪಂಜರದೊಳಗೆ ಆ ಪ್ರಾಣಿಗೆ ಬೇರೆ ಉದ್ಯೋಗವಾದರೂ ಏನಿದೆ?

ಪೇಟಿಗೆ ಬರೋಣ. ಹೊಟ್ಟು ಎಲ್ಲಿ ಕೂತಿದೆ ಎಂಬುದನ್ನು ಬಿಚ್ಚದೆಯೇ ಹೇಳಬಹುದು. ಮನೆ, ಅಂದರೆ ಬೆರಳಿಡುವ ಪಟ್ಟಿ, ಒತ್ತದಿದ್ದರೂ ಸ್ವರ ಕೂಗುತ್ತಲೇ ಇದ್ದರೆ, ಅದು ಮನೆಯಡಿಯ ಚರ್ಮದ ಮುಚ್ಚಿಗೆಗೆ ಸಿಕ್ಕಿಕೊಂಡು ತೂತು ಪೂರ್ತಿ ಮುಚ್ಚದಂತೆ ಮಾಡಿದೆ. ಒತ್ತಿದರೂ ಕೂಗದಿದ್ದರೆ, ತೂತಿನಿಂದ ಇಳಿದು, ಗಾಳಿಗೆ ನಡುಗಿ ಸ್ವರ ಕೊಡುವ ರೀಡಿನ ನಾಲಗೆಗೂ ಚೌಕಟ್ಟಿಗೂ ನಡುವೆ ಕೂತಿದೆ. ಮೊದಲನೆಯದು ಐದು ನಿಮಿಷದ ಕೆಲಸ. ಮೇಲುಹಲಗೆ ತೆಗೆದು, ಮನೆ ಒತ್ತಿ ಹಿಡಿದು, ಬಣ್ಣ ಹಚ್ಚುವ ಮೆತ್ತನೆ ಬ್ರಶ್ಶಿನಿಂದ ಹೊರಮುಖವಾಗಿ ಗುಡಿಸಬೇಕು. ಒಳಮುಖವಾಗಿ ಗುಡಿಸಿದರೆ ಮೊದಲನೆಯ ಕಾಯಿಲೆ ಎರಡನೆಯದಾಗುತ್ತದೆ.

ಎರಡನೆಯದಕ್ಕೆ ಪೆಟ್ಟಿಗೆ ಬಿಚ್ಚದೆ ಗತಿಯಿಲ್ಲ. ಬದಿಯ ಕೊಕ್ಕೆ ಬಿಡಿಸಿ, ಮನೆಗಳಿರುವ ಮೇಲ್ಭಾಗವನ್ನು ಎತ್ತಿ, ಹಳೆ ಸೀರೆಯ ಮೇಲೆ ಬೋರಲು ಹಾಕಿದರೆ ರೀಡುಗಳ ಸಾಲು ಕಾಣುತ್ತದೆ. 42 ಮನೆಯ ಡಬಲ್ ರೀಡ್ ಪೇಟಿಯಾದರೆ 84 ಹಿತ್ತಾಳೆ ನಾಲಗೆ. ಗಾಂಧಾರ ಯಾವ ತುದಿಯಿಂದ ಎಷ್ಟನೆಯದು ಎಂದು ಮೊದಲೇ ಎಣಿಸಿಟ್ಟುಕೊಳ್ಳಬೇಕು, ಬೋರಲಾದ ಮೇಲೆ ಎಡ ಬಲ ಅದಲುಬದಲು. ಬಾಯಲ್ಲಿ ಊದಬಾರದು, ಎಂಜಲಿನ ತೇವಕ್ಕೆ ಹಿತ್ತಾಳೆ ಕಿಲುಬು ಹಿಡಿಯುತ್ತದೆ. ಬಸ್ ಟಿಕೆಟ್ಟಿನಷ್ಟು ತೆಳ್ಳಗಿನ ಕಾಗದದ ಪಟ್ಟಿಯನ್ನು ನಾಲಗೆಯ ತುದಿಯಿಂದ ತೂರಿಸಿ ಮೆಲ್ಲಗೆ ಎಳೆದರೆ ಹೊಟ್ಟು ಈಚೆ ಬರುತ್ತದೆ. ವಿಸಿಟಿಂಗ್ ಕಾರ್ಡು ಬೇಡ, ನಾಲಗೆ ಬಗ್ಗುತ್ತದೆ. ಆಮೇಲೆ ಉಗುರಿನಿಂದ ಮೀಟಿ ನೋಡಿ. ಟಿಣ್ ಅಂದರೆ ಸರಿ. ಜರ್ ಅಂದರೆ ನಾಲಗೆ ಚೌಕಟ್ಟಿನ ಅಂಚಿಗೆ ತಾಗುತ್ತಿದೆ, ಸ್ಕ್ರೂ ಸಡಿಲಿಸಿ ಕೂದಲೆಳೆಯಷ್ಟು ಸರಿಸಬೇಕು. ಮತ್ತೆ ಬಿಗಿಯುವಾಗ ಜೋರು ತೋರಿಸಬಾರದು. ಮರದ ತೂತು ಸವೆದರೆ ಸ್ಕ್ರೂ ನಿಲ್ಲುವುದಿಲ್ಲ.

ಇಲ್ಲಿಗೇ ನಿಲ್ಲಿಸುವವರು ಪುಣ್ಯವಂತರು. ಹವ್ಯಾಸಿ ನಿಲ್ಲಿಸುವುದಿಲ್ಲ. ಹೇಗೂ ಬಿಚ್ಚಿದ್ದಾಯ್ತಲ್ಲ, ಶ್ರುತಿಯನ್ನೂ ನೋಡಿಬಿಡೋಣ ಅನ್ನುತ್ತಾನೆ. ನಾಲಗೆಯ ತುದಿಯಲ್ಲಿ ಕೆರೆದರೆ ಭಾರ ಇಳಿದು ಸ್ವರ ಏರುತ್ತದೆ, ರಿವೆಟ್ಟಿನ ಬುಡದಲ್ಲಿ ಕೆರೆದರೆ ಬಿಗಿ ತಪ್ಪಿ ಸ್ವರ ಇಳಿಯುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ಬಿಚ್ಚಿಟ್ಟಾಗಿನ ಸ್ವರ ಒಂದು, ಪೆಟ್ಟಿಗೆಯೊಳಗೆ ಕೂತಾಗಿನ ಸ್ವರ ಇನ್ನೊಂದು. ಹಾಗಾಗಿ ಎರಡು ಗೀರು ಎಳೆದು, ಕೂಡಿಸಿ, ನುಡಿಸಿ, ಮತ್ತೆ ಬಿಚ್ಚಬೇಕು. ಏರಿತು ಅಂತ ಬುಡ ಕೆರೆದು, ಇಳಿಯಿತು ಅಂತ ತುದಿ ಕೆರೆದು, ರಾತ್ರಿ ಹನ್ನೊಂದಕ್ಕೆ ನಾಲಗೆ ಮುರಿದು ಕೈಗೆ ಬಂದಮೇಲೆ ರಿಪೇರಿಯವರ ಹತ್ತಿರ ಹೋಗುವುದಕ್ಕಿಂತ ಮೊದಲೇ ಹೋಗಬಹುದಿತ್ತು. ಹವ್ಯಾಸಿಗೆ ಇದನ್ನು ಹೇಳಿ ಫಲವಿಲ್ಲ.

ಗಮಕ ಬರುವುದಿಲ್ಲ, ಶ್ರುತಿ ಕಟ್ಟಿಟ್ಟದ್ದು ಎಂಬ ದೂರಿನ ಮೇಲೆ ಈ ವಾದ್ಯವನ್ನು ಆಕಾಶವಾಣಿ 1940ರಲ್ಲಿ ಹೊರಗೆ ಹಾಕಿತ್ತು, 1971ರವರೆಗೂ ಒಳಗೆ ಬಿಟ್ಟುಕೊಳ್ಳಲಿಲ್ಲ. ದೂರು ಸುಳ್ಳೇನಲ್ಲ. ಆದರೂ ಕಂಪನಿ ನಾಟಕದವರು ಅದನ್ನು ಕೈಬಿಡಲಿಲ್ಲ. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿಯ ಊರಾದ ದಾವಣಗೆರೆಯಲ್ಲಿ ಕೂತು ‘ಮೊಬೈಲಲ್ಲೇ ಎಲ್ಲ ಶ್ರುತಿ ಸಿಗ್ತದಲ್ರೀ, ಈ ಭಜನೆ ಪೆಟ್ಟಿಗೆ ಯಾಕೆ’ ಅನ್ನುವವರಿಗೆ ಭಾನುವಾರ ದೋಸೆ ಹಾಕಬಾರದು.

ದೋಸೆ ಅಂದಮೇಲೆ, ಅಕ್ಕಿ ನೆನೆಹಾಕಿದ್ದಿರಾ? ಪೇಟಿ ಬಿಚ್ಚಿ ಕೂತವರು ಮರೆಯುವುದು ಇದನ್ನೇ. ಭಾನುವಾರದ ಬೆಣ್ಣೆದೋಸೆಯ ಲೆಕ್ಕ ಶನಿವಾರ ಮಧ್ಯಾಹ್ನವೇ ಶುರು. ಮೂರು ಲೋಟ ದೋಸೆ ಅಕ್ಕಿ, ಅರ್ಧ ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ ಐದು ಗಂಟೆ ನೆನೆಯಬೇಕು. ರುಬ್ಬುವ ಮುಂಚೆ ಒಂದೂವರೆ ಲೋಟ ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿ ಸೇರಿಸಬೇಕು. ಮಂಡಕ್ಕಿಯಲ್ಲೇ ಉಪ್ಪಿರುತ್ತದೆ, ಹಿಟ್ಟಿಗೆ ಉಪ್ಪು ಹಾಕುವ ಕೈ ಸ್ವಲ್ಪ ಬಿಗಿಯಿರಲಿ. ಬೇಸಿಗೆಯಲ್ಲಿ ಹಿಟ್ಟು ಉಬ್ಬಲು ಎಂಟು ಗಂಟೆ ಸಾಕು, ಚಳಿಗಾಲದಲ್ಲಿ ಹನ್ನೆರಡು ಬೇಕು. 

ಹಂಚು ಕಬ್ಬಿಣದ್ದೇ ಇರಲಿ. ಇದು ರುಚಿಯ ಮಾತಲ್ಲ, ಹಕ್ಕಿಯ ಮಾತು. ನಾನ್‌ಸ್ಟಿಕ್ ತವಾ ಖಾಲಿ ಇಟ್ಟು ಅತಿಯಾಗಿ ಕಾಯಿಸಿದರೆ ಅದರ ಲೇಪದಿಂದ ಏಳುವ ಹಬೆ, ಒಲೆ ಮುಂದೆ ನಿಂತವರಿಗೆ ಗೊತ್ತಾಗುವ ಮುಂಚೆ ಪಂಜರದ ಹಕ್ಕಿಯನ್ನು ಕೊಲ್ಲುತ್ತದೆ. ಪಂಜರ ಅಡುಗೆಮನೆಯ ಹತ್ತಿರವೂ ಬೇಡ. ಇನ್ನು ಮಿರ್ಚಿ ಬಜ್ಜಿಯ ಚೂರು ಹಕ್ಕಿಗೆ ಕೊಟ್ಟು, ಅದು ಖಾರವಿಲ್ಲದಂತೆ ತಿನ್ನುವುದನ್ನು ನೋಡಿ ಚಪ್ಪಾಳೆ ತಟ್ಟುವ ನೆಂಟರಿರುತ್ತಾರೆ. ಮೆಣಸಿನ ಖಾರ ಹಕ್ಕಿಗಳಿಗೆ ಹತ್ತುವುದಿಲ್ಲ, ನಿಜ. ಎಣ್ಣೆ, ಉಪ್ಪು, ಕಡಲೆಹಿಟ್ಟು ಹತ್ತುತ್ತವೆ. ‘ಇದರ ಬದಲು ಒಂದು ಗಿಳಿ ಸಾಕಬಾರದಿತ್ತಾ’ ಎಂದು ಕೇಳುವವರೂ ಇವರೇ. ನಮ್ಮ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ಭಾನುವಾರ ಶಾಸನ ಓದಲು ಚಿತ್ರದುರ್ಗದ ಕೋಟೆಗೆ ಹೋಗುವುದು ದೋಸೆಗೆ ಮೊದಲೋ ಆಮೇಲೋ ಎಂಬುದು ಬಗೆಹರಿಯದ ವ್ಯಾಜ್ಯ. ಬೆಳಕು ಮಾತ್ರ ಬೆಳಗಿನ ಪರ. ಕಲ್ಲಿನ ಮೇಲೆ ಬೆಳಕು ಎದುರಿನಿಂದ ಬಿದ್ದರೆ ಅಕ್ಷರ ಮಾಯ, ಬದಿಯಿಂದ ಓರೆಯಾಗಿ ಬಿದ್ದರೆ ಗೀರಿನೊಳಗೆ ನೆರಳು ಕೂತು ಓದಲು ಬರುತ್ತದೆ. ಬಿಸಿಲು ಕೈಕೊಟ್ಟರೆ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಹತ್ತಿರ, ಅಡ್ಡಡ್ಡ ಹಿಡಿಯಬೇಕು. ಕೋಟೆಯ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, ಕೆರೆಯ ವಿಚಾರ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆಸಿದ ಜಾಗವಿದು, ರೋಮನ್ ಬೆಳ್ಳಿ ನಾಣ್ಯ ಸಿಕ್ಕ ನೆಲ. ಇಂಥ ಸವೆದ ಅಕ್ಷರಗಳಿಗೆ ಬಳಪ ಉಜ್ಜಿ ‘ಎದ್ದು ಕಾಣುವಂತೆ’ ಮಾಡುವವರಿದ್ದಾರೆ. ಅಂದಿನಿಂದ ಎಲ್ಲರೂ ಓದುವುದು ಬಳಪವನ್ನೇ, ಶಾಸನವನ್ನಲ್ಲ. ಕೋಟೆಯ ಬಂಡೆಗೆ ಮೊಳೆಯಲ್ಲಿ ಪ್ರೇಯಸಿಯ ಹೆಸರು ಕೆತ್ತುವವರ ಮಾತಂತೂ ಬೇಡ. ಅಕ್ಷರವಾದರೂ ದುಂಡಗಿದೆಯೇ?

ಮನೆಯಲ್ಲೇ ಕೂತು ಶಾಸನ ಹುಡುಕುವವರಿಗೆ ಒಂದು ಸುಳಿವು. ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ಹೀಗಾಗಿ ನಮ್ಮ ಕಡೆಯ ಶಾಸನಗಳು ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಚಿತ್ರದುರ್ಗ ಜಿಲ್ಲೆಯದಾದ 11ನೇ ಸಂಪುಟದಲ್ಲಿವೆ. ಹರಿಹರದವೂ ಅಲ್ಲಿ ದಾವಣಗೆರೆ ತಾಲ್ಲೂಕಿನ ಕೆಳಗೇ ಸೇರಿವೆ.

ಬೆಣ್ಣೆಗೆ ವಾರದ ಕೆನೆ ಸಾಕು. ಅದಕ್ಕಿಂತ ಹಳೆಯದಾದರೆ ಕಹಿ. ಹಿಂದಿನ ರಾತ್ರಿ ಒಂದು ಚಮಚ ಮೊಸರು ಹಾಕಿ ಹೆಪ್ಪಿಟ್ಟು, ಕಡೆಯುವಾಗ ತಣ್ಣೀರು ಹಾಕಬೇಕು. ಬೇಸಿಗೆಯಲ್ಲಿ ಐಸ್ ಹಾಕದಿದ್ದರೆ ಬೆಣ್ಣೆ ಮುದ್ದೆಯಾಗದೆ ಎಣ್ಣೆಯಾಗಿ ಜಾರುತ್ತದೆ. ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ತೊಳೆದು ಹಿಂಡಿ. ನೀರು ಉಳಿದರೆ ಹಂಚಿನ ಮೇಲೆ ಸಿಡಿದು ಕೈ ಸುಡುತ್ತದೆ. ಹಿಟ್ಟು ಹುಯ್ದಾಗ ಸೌಟಿಗೇ ಅಂಟಿ ಮೇಲೆದ್ದರೆ ಹಂಚು ಕಾದದ್ದು ಹೆಚ್ಚಾಯ್ತು, ನೀರು ಚಿಮುಕಿಸಿ ಒರೆಸಬೇಕು. ಪಲ್ಯಕ್ಕೆ ಅರಿಶಿನ ಬೇಡ. ಆಲೂಗಡ್ಡೆ, ಈರುಳ್ಳಿ, ಹಸಿಮೆಣಸಿನಕಾಯಿ ಸಾಕು. ಚಟ್ನಿಗೆ ಕಾಯಿಯ ಜೊತೆ ಹುರಿಗಡಲೆ.

ಹಿಟ್ಟು ಮಿಕ್ಕೇ ಮಿಗುತ್ತದೆ. ಸೋಮವಾರ ಬೆಳಿಗ್ಗೆ ಅದಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹೆಚ್ಚಿ ಹಾಕಿ ಪಡ್ಡು ಮಾಡಬೇಕು. ಹುಳಿ ಹೆಚ್ಚಾಗಿದ್ದರೆ ಎರಡು ಚಮಚ ರವೆ ಸೇರಿಸಿ.