ಬೇಲಿ ಕಾಯ್ದ ಕೋಟೆ

ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ನಮಗೆಲ್ಲ ಬಾಯಿಪಾಠ. ಬೇಲಿ ಕೋಟೆ ಕಾಯ್ದದ್ದಕ್ಕೆ ಗಾದೆಯಿಲ್ಲ. ಇದ್ದಿದ್ದರೆ ಅದು ಟಿಕಾಂಡರೋಗದಲ್ಲಿ ಹುಟ್ಟಬೇಕಿತ್ತು.

ಈಗಿನ ನ್ಯೂಯಾರ್ಕ್ ರಾಜ್ಯದ ಈಶಾನ್ಯ ಮೂಲೆಯ ಊರದು. ಹದಿನೆಂಟನೇ ಶತಮಾನದಲ್ಲಿ ಕೆನಡಾದಿಂದ ಹಡ್ಸನ್ ನದಿಯ ಕಡೆಗೆ ದಾರಿಯೆಂದರೆ ನೀರೇ. ಜಾರ್ಜ್ ಸರೋವರದ ನೀರು ಧುಮುಕುತ್ತ ಬಂದು ಷಾಂಪ್ಲೇನ್ ಸರೋವರ ಸೇರುವಲ್ಲಿ ದೋಣಿ ಇಳಿದು, ದೋಣಿಯನ್ನೇ ಹೊತ್ತು ನಡೆಯಬೇಕು. ಹೆಗಲ ಮೇಲೆ ದೋಣಿ ಇದ್ದವನ ಕೈಯಲ್ಲಿ ಬಂದೂಕು ಇರುವುದಿಲ್ಲ. ಕೋಟೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

1755ರಲ್ಲಿ, ಆಗ ಕೆನಡಾ ಆಳುತ್ತಿದ್ದ ಫ್ರೆಂಚರು ಅಲ್ಲಿ ಕಟ್ಟತೊಡಗಿ ಕ್ಯಾರಿಯೋಂ ಎಂದು ಹೆಸರಿಟ್ಟರು. ದಿಮ್ಮಿಗಳ ಎರಡು ಸಾಲು, ನಡುವೆ ತುಂಬಿದ ಮಣ್ಣು, ಆಮೇಲೆ ಹೊರಗೊಂದು ಕಲ್ಲಿನ ಹೊದಿಕೆ. ಇಂಥ ಗೋಡೆ ಬೇಗ ಏಳುತ್ತದೆ, ಗುಂಡನ್ನೂ ನುಂಗುತ್ತದೆ. ಆದರೆ ಮಣ್ಣಿನ ತೇವಕ್ಕೆ ಮರ ಕೊಳೆಯುತ್ತದೆ, ಮರ ಕೊಳೆತರೆ ಗೋಡೆ ಹೊಟ್ಟೆ ಬಿಡುತ್ತದೆ. ಸಾಲದ್ದಕ್ಕೆ ಒಳಗೆ ಹಿಡಿಯುತ್ತಿದ್ದದ್ದು ಕೆಲವು ನೂರು ಜನ ಮಾತ್ರ.

1758ರ ಜುಲೈನಲ್ಲಿ ಅಬರ್‌ಕ್ರಾಂಬಿಯ ಸುಮಾರು 16,000 ಮಂದಿಯ ಬ್ರಿಟಿಷ್ ಸೇನೆ ಬಂತು. ಫ್ರೆಂಚ್ ದಂಡನಾಯಕ ಮೋಂಕಾಲ್ಮ್‌ನ ಬಳಿ ಸುಮಾರು 3,600. ಆತ ಕೋಟೆಯೊಳಗೆ ಕೂರಲಿಲ್ಲ. ಮುಕ್ಕಾಲು ಮೈಲಿಯಾಚೆಯ ಏರಿನಲ್ಲಿ ದಿಮ್ಮಿಯ ಗೋಡೆ ಒಟ್ಟಿಸಿ, ಅದರ ಮುಂದೆ ಮರ ಕಡಿದು ಕೆಡವಿಸಿದ. ಬುಡ ತಮ್ಮ ಕಡೆಗೆ, ರೆಂಬೆಯ ತಲೆ ವೈರಿಯ ಕಡೆಗೆ. ಕೊಂಬೆಯ ತುದಿಗಳನ್ನು ಚೂಪಾಗಿ ಕೆತ್ತಬೇಕು. ತಿರುಗಿಸಿ ಹಾಕಿದರೆ ಅದು ಬೇಲಿಯಲ್ಲ, ಏಣಿ. ಹೆಚ್ಚಿನ ಕೆಲಸ ಮುಗಿದದ್ದು ಒಂದೇ ದಿನದಲ್ಲಿ.

ಇಂಥ ಬೇಲಿಗೆ ಮದ್ದು ಫಿರಂಗಿ. ಅಬರ್‌ಕ್ರಾಂಬಿಯ ಬಳಿ ಅದೂ ಇತ್ತು, ಹಿಂದೆ ಜಾರ್ಜ್ ಸರೋವರದ ದಡದಲ್ಲಿ! ಎಳೆದು ತರಲು ಕಾಯದೆ, ಜುಲೈ 8ರಂದು ಕಾಲಾಳುಗಳನ್ನೇ ನುಗ್ಗಿಸಿದ. ಸಾಲುಗಟ್ಟಿ ನಡೆಯಲು ಕಲಿತ ಸೈನಿಕರು ಕೊಂಬೆಗಳ ನಡುವೆ ಸಾಲು ಕಳೆದುಕೊಂಡರು. ಸಿಕ್ಕಿಕೊಂಡವರು ಗುಂಡಿಗೆ ಗುರಿಯಾದರು. ಸಂಜೆಯ ಹೊತ್ತಿಗೆ ಸತ್ತವರು, ಗಾಯಗೊಂಡವರು ಸೇರಿ ಸುಮಾರು 2,000. ಫ್ರೆಂಚರ ನಷ್ಟ ಅದರ ಮೂರನೇ ಒಂದು ಪಾಲಿಗಿಂತಲೂ ಕಡಿಮೆ.

ನಮ್ಮ ಶ್ರೀರಂಗಪಟ್ಟಣದ ಹೊರಗೂ ಮುಳ್ಳುಬೇಲಿಯ ಸುತ್ತಿತ್ತು. ಅದು ಬೇರು ಬಿಟ್ಟ ಬೇಲಿ, ವರ್ಷ ಕಳೆದಷ್ಟೂ ದಟ್ಟವಾಗುವಂಥದು. ಕಡಿದು ಕೆಡವಿದ್ದು ಹಾಗಲ್ಲ. ಎಲೆ ಒಣಗಿತೆಂದರೆ ಒಂದು ಕಿಡಿ ಸಾಕು.

ಮರುವರ್ಷ ಬ್ರಿಟಿಷ್ ಸೇನಾನಿ ಆಮ್ಹರ್ಸ್ಟ್ ಫಿರಂಗಿಗಳ ಸಮೇತ ಬಂದ. ಉಳಿದಿದ್ದ ಸುಮಾರು 400 ಫ್ರೆಂಚರು ಮದ್ದಿನಮನೆಗೆ ಬೆಂಕಿಯಿಟ್ಟು ಹೊರಟರು. ಕೋಟೆ ಬ್ರಿಟಿಷರದಾಯಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1775ರಲ್ಲಿ, ಅಮೆರಿಕನ್ನರು ನಸುಕಿನಲ್ಲಿ ನುಗ್ಗಿದಾಗ ಬ್ರಿಟಿಷ್ ಸೈನಿಕರಲ್ಲಿ ಹೆಚ್ಚಿನವರು ನಿದ್ದೆಯಲ್ಲಿದ್ದರು. 1777ರಲ್ಲಿ ಬ್ರಿಟಿಷರು ಎದುರಿನ ಡಿಫೈಯನ್ಸ್ ಗುಡ್ಡಕ್ಕೆ ಫಿರಂಗಿ ಹತ್ತಿಸಿದ್ದು ಕಂಡದ್ದೇ ಅಮೆರಿಕನ್ನರು ರಾತ್ರೋರಾತ್ರಿ ಜಾಗ ಖಾಲಿ ಮಾಡಿದರು. ಆ ಗುಡ್ಡಕ್ಕೆ ಫಿರಂಗಿ ಹತ್ತುವುದಿಲ್ಲವೆಂದು ಅವರಲ್ಲಿ ಹಲವರು ನಂಬಿದ್ದರು, ಅಲ್ಲಿ ಕಾವಲೇ ಇರಲಿಲ್ಲ.

ಯುದ್ಧ ಮುಗಿದ ಮೇಲೆ ಸುತ್ತಲಿನವರು ಕೋಟೆಯ ಕಲ್ಲು ಕಿತ್ತು ಮನೆ ಕಟ್ಟಿಕೊಂಡರು. ಇಂದು ನೋಡಸಿಗುವ ಗೋಡೆಗಳಲ್ಲಿ ಬಹುಪಾಲು 20ನೇ ಶತಮಾನದಲ್ಲಿ ಮತ್ತೆ ಎಬ್ಬಿಸಿದ್ದು. ಬೇಲಿಯಿದ್ದ ಏರಿನಲ್ಲಿ ಮಣ್ಣಿನ ತಗ್ಗು ದಿಬ್ಬಗಳಿವೆ, ಮತ್ತೆ ಬೆಳೆದ ಮರಗಳಿವೆ.