ಅಷ್ಟು ದುಬಾರಿ ಜಾಕೆಟ್ ಬೇಕಾಗಿಲ್ಲ

ಮಳೆಗಾಲದಲ್ಲಿ ಮುಳ್ಳಯ್ಯನಗಿರಿ ಹತ್ತುವವರಿಗೆ ಎಂಟು ಸಾವಿರದ ಜಾಕೆಟ್ ಬೇಕೇ ಬೇಕು ಅಂತ ಲೇಖನದಲ್ಲಿ ಬರೆದಿದ್ದೀರಿ. ಅಷ್ಟು ಖರ್ಚು ಯಾಕೆ ಸರ್? ನಾವು ಮೂಡಿಗೆರೆ ಕಡೆಯವರು, ಇದೇ ಮಳೆಯಲ್ಲಿ ದಿನಾ ತೋಟಕ್ಕೆ ಹೋಗುತ್ತೇವೆ.

ಮೊದಲು ಜೀನ್ಸ್, ಕಾಟನ್ ಬನಿಯನ್ ಮನೆಯಲ್ಲೇ ಬಿಡಿ. ಹತ್ತಿ ಬಟ್ಟೆ ನೆನೆದರೆ ಬೇಗ ಒಣಗುವುದಿಲ್ಲ, ಮೈ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಒಳಗೆ ಕ್ರಿಕೆಟ್ ಹುಡುಗರು ಹಾಕುವ ಪಾಲಿಯೆಸ್ಟರ್ ಜರ್ಸಿ ಸಾಕು. ಅದರ ಮೇಲೆ ಉಣ್ಣೆ ಸ್ವೆಟರ್. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗೇ ಇರುತ್ತದೆ. ನಮ್ಮ ಹಿರಿಯರು ಕಂಬಳಿ ಕೊಪ್ಪೆ (ತಲೆಯಿಂದ ಬೆನ್ನಿಗೆ ಇಳಿಯುವಂತೆ ಮಡಚಿದ ಕಂಬಳಿ) ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದದ್ದು ಸುಮ್ನೆ ಅಲ್ಲ.

ಇನ್ನು ರೈನ್‌ಕೋಟ್. ಅಂಗಡಿಯಲ್ಲೇ ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡಿ. ಹೊಲಿಗೆ ಉದ್ದಕ್ಕೂ ಟೇಪ್ ಅಂಟಿಸಿರಬೇಕು. ಇಲ್ಲದಿದ್ದರೆ ಸೂಜಿ ತೂತಿನಿಂದಲೇ ಭುಜಕ್ಕೆ ನೀರು ಇಳಿಯುತ್ತದೆ, ರೇಟು ಎಷ್ಟೇ ಇರಲಿ. ಅಗ್ಗದ ಪ್ಲಾಸ್ಟಿಕ್ ಕೋಟ್ ಮಳೆ ತಡೆಯುತ್ತದೆ, ಆದರೆ ಗಾಳಿ ಆಡುವುದಿಲ್ಲ. ಗುಡ್ಡ ಹತ್ತುವಾಗ ಬೆವರಿಗೇ ಒಳಗೆಲ್ಲ ತೊಪ್ಪೆ! ಅದಕ್ಕೇ ಒಂದು ಸೈಜ್ ದೊಡ್ಡದು ತಗೊಳ್ಳಿ. ಹತ್ತುವಾಗ ಸ್ವೆಟರ್ ಬಿಚ್ಚಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬ್ಯಾಗಿಗೆ ಹಾಕಿ, ಮೇಲೆ ಹೋಗಿ ನಿಂತ ಮೇಲೆ ಹಾಕಿಕೊಳ್ಳಿ. 1,930 ಮೀಟರ್ ಎತ್ತರ, ಗಾಳಿ ಜಾಸ್ತಿ, ನಿಂತರೆ ಚಳಿ ಹಿಡಿಯುತ್ತದೆ. ಕೊಡೆ ಮಾತ್ರ ದಯವಿಟ್ಟು ತರಬೇಡಿ, ಅಲ್ಲಿ ಅದು ನಿಲ್ಲುವುದಿಲ್ಲ.

ಗಮ್‌ಬೂಟ್ ತೋಟದ ಕೆಸರಿಗೆ ಸರಿ, ಬಂಡೆ ಮೇಲೆ ಜಾರುತ್ತದೆ. ಇಂಬಳ, ಅಂದರೆ ಜಿಗಣೆ, ಕಾಲಿಗೆ ಹತ್ತದಂತೆ ಮೊಣಕಾಲಿನವರೆಗೆ ಬರುವ ಸಾಕ್ಸ್ ಹಾಕಿ ಪ್ಯಾಂಟನ್ನು ಅದರೊಳಗೆ ಸಿಕ್ಕಿಸಿ. ನೋಡೋಕೆ ಚೆನ್ನಾಗಿರಲ್ಲ, ಪರವಾಗಿಲ್ಲ ಅಲ್ವಾ?